ವಕುಳಾ

ಗುತ್ತಲು
೨೧ ನವೆಂಬರ್ ೧೯೭೪, ಗುರುವಾರ

ಕೆರಗೋಡಿನ ಬಸ್ಸಿನ ಹಣೆಯ ಮೇಲಿದ್ದ ‘ವಕುಳಾ’ ಎಂಬ ಹೆಸರನ್ನು ಇವತ್ತು ಕೆರೆದು ಹಾಕಿದರು.

ಮಗಳಿಗೆಂದು ನಾನೇ ಹುಡುಕಿ ಇಟ್ಟ ಹೆಸರು. ಆಗ ಊರಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಆಮೇಲೆ ಮದ್ದೂರಿನ ಅಕ್ಕಿ ಗಿರಣಿಗೆ ಬಂತು, ತಲೆಗೆ ಹಚ್ಚುವ ಎಣ್ಣೆಗೆ ಬಂತು, ಮಳವಳ್ಳಿಯ ನಾಟಕದವಳೊಬ್ಬಳೂ ಇಟ್ಟುಕೊಂಡಳು. ಬಸ್ಸಿನ ಮೇಲೆ ಕಂಡ ದಿನ ಮೈಯೆಲ್ಲ ಉರಿದಿತ್ತು.

ಕಾಮಾಲೆಯಲ್ಲಿ ಮಗು ಹೋದ ಮೇಲೆ ಹೆಂಡತಿ ಪಂಕಜ ಮನೆಯಲ್ಲಿ ಆ ಹೆಸರೆತ್ತಲು ಬಿಟ್ಟಿಲ್ಲ. ಅಷ್ಟು ಚಿಕ್ಕ ಮಗುವಿಗೆ ವರ್ಷದ ತಿಥಿಯೂ ಇಲ್ಲ. ಮಂತ್ರದಲ್ಲಾದರೂ ಹೆಸರು ಕೇಳೋಣವೆಂದರೆ ಅದೂ ಇಲ್ಲ. ಹಾಗಾಗಿ ಸ್ಕೂಲು ಬಿಟ್ಟ ಮೇಲೆ ದಿನವೂ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ, ಕಂಡಕ್ಟರ್ ‘ವಕುಳಾ ಒಂಟ್ತು, ಅತ್ರೀ!’ ಎಂದು ಕೂಗುವುದನ್ನು ಕೇಳಲು.

‘ಓನರ್ ಬದ್ಲಾದ್ರು ಮೇಷ್ಟ್ರೇ. ಅವ್ರ ಮನೆದೇವ್ರ ಎಸ್ರು ಬರೀಬೇಕಂತೆ’ ಎಂದ ಪೇಂಟರ್ ಚಿಕ್ಕಣ್ಣ.

‘ನಿಧಾನವಾಗಿ ಕೆರೆಯಪ್ಪ’ ಅಂದೆ. ಎಂಥ ಮಾತು!

ಮನೆಗೆ ಬಂದರೆ ದೀಪ ಹಚ್ಚಿರಲಿಲ್ಲ. ಪಂಕಜ ಬೀದಿಯ ಕಿಟಕಿಗೆ ಮುಖ ಒತ್ತಿಕೊಂಡು ನಿಂತಿದ್ದಳು. ತಿರುಗಲಿಲ್ಲ.

‘ಆಗಿನಿಂದ ಕಾಯ್ತಾ ಇದೀನಿ. ಇವತ್ತು ನಮ್ಮ ಬಸ್ಸು ಬರಲೇ ಇಲ್ಲವಲ್ಲ’ ಅಂದಳು.

ನಾಳೆ ಬರುತ್ತದೆ, ಹೊಸ ಬಣ್ಣ ಬಳಿದುಕೊಂಡು. ಅವಳಿಗೆ ಹೇಗೆ ಹೇಳಲಿ?