ಹದಿಮೂರನೇ ತಲೆಮಾರು

ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಅಮ್ಮನ ಕಣ್ಣಿನ ಆಪರೇಷನ್‌ಗೆ ಬರಲಿಲ್ಲವೆಂದು ನೀನು ಮುನಿಸಿಕೊಂಡಿರುವುದು ನ್ಯಾಯವೇ. ಜ್ವರ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಆ ವಾರ ಪತಂಗಗಳು ಗೂಡೊಡೆದು ಹೊರಬರುತ್ತಿದ್ದವು.

ಇವರ ಸಂಶೋಧನೆ ನಿನಗೆ ಗೊತ್ತೇ ಇದೆ. ಊಟದ ತಟ್ಟೆಯಷ್ಟಗಲದ ಕಂದು ಪತಂಗ. ರೆಕ್ಕೆಯ ತುದಿ ಥೇಟ್ ಹಾವಿನ ತಲೆ. ಹುಳುವಾಗಿದ್ದಾಗ ಬಕಾಸುರ, ರೆಕ್ಕೆ ಬಂದಮೇಲೆ ತಿನ್ನಲು ಬಾಯಿಯೇ ಇಲ್ಲ. ಹಿಂದೆ ತಿಂದದ್ದರಲ್ಲೇ ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಇವರು ಕಾಲೇಜಿಗೆ ಹೋದಮೇಲೆ ಎಲೆ ಬದಲಿಸುವುದು, ಹಿಕ್ಕೆ ಗುಡಿಸುವುದು ನನ್ನ ಪಾಲು. ಬೇರೆಯವರ ಕೈ ಇವರಿಗೆ ಆಗದು. ಊರಿಗೆ ಹೋಗುತ್ತೇನೆಂದಾಗಲೆಲ್ಲ ಒಂದೇ ಉತ್ತರ: "ಈ ತಲೆಮಾರೊಂದು ಮುಗೀಲಿ, ಆಮೇಲೆ ಹೋಗುವೆಯಂತೆ." ಚಳಿಯೇ ಇಲ್ಲದ ಈ ಹವೆಯಲ್ಲಿ ಹುಳುಗಳಿಗೆ ಬಿಡುವೆಲ್ಲಿ? ನಾಲ್ಕು ವರ್ಷ, ಹದಿಮೂರು ತಲೆಮಾರು.

ಹೋದ ವಾರ ಉಳಿದಿದ್ದದ್ದು ಒಂದೇ ಹೆಣ್ಣು. ಅದಕ್ಕೆಂದು ಇಟ್ಟಿದ್ದ ಗಂಡು ಇನ್ನೂ ಗೂಡಿನೊಳಗಿತ್ತು. ಬೆಳಿಗ್ಗೆ ನೋಡಿದರೆ, ಹೆಣ್ಣಿನ ವಾಸನೆ ಹಿಡಿದು ಎಲ್ಲಿಂದಲೋ ಬಂದ ಕಾಡು ಗಂಡೊಂದು ಕಿಟಕಿಯ ಜಾಲರಿಗೆ ಅಂಟಿಕೊಂಡಿತ್ತು. ರೆಕ್ಕೆ ಚಿಂದಿಚಿಂದಿ.

"ಒಳಗೆ ಬಿಡಬೇಡ, ನಮ್ಮ ತಳಿ ಕೆಟ್ಟುಹೋಗತ್ತೆ" ಎಂದರು ಇವರು, ಚಪ್ಪಲಿ ಮೆಟ್ಟುತ್ತಾ. ಅಮ್ಮನ ಮಾತೆತ್ತಿದೆ. "ಕಣ್ಣು ಕಾಣ್ತಿದೆಯಲ್ಲ, ಇನ್ನೇನು ಅವಸರ?"

ಇವರು ಬೀದಿ ದಾಟಿದ ಮೇಲೆ ಕತ್ತರಿ ತಂದೆ. ತಳಿ ಕೆಟ್ಟರೆ ಕೆಲಸ ಮುಗಿಯಿತು, ನನಗೆ ಬಿಡುಗಡೆ ಎಂದುಕೊಂಡಿದ್ದೆ. ನಾನೆಂಥ ಪೆದ್ದಿ!

ಮರುದಿನ ಬೆಳಿಗ್ಗೆ ಇವರು ಕೋಣೆಯ ಬಾಗಿಲು ತೆಗೆದಾಗ ಎರಡೂ ಜೋಡಿಯಾಗಿ ನೇತಾಡುತ್ತಿದ್ದವು. ಜಾಲರಿ ತುಕ್ಕು ಹಿಡಿದು ಹರಿದಿರಬೇಕು ಎಂದೆ. ಸ್ಟೂಲಿನ ಮೇಲೆ ಕುಳಿತು ಜಾಲರಿಯ ಅಂಚನ್ನು ಬೆರಳಿನಿಂದ ಸವರಿದರು. ಕೊನೆಗೆ, "ಹೋಗಲಿ ಬಿಡು, ಮೊದಲಿನಿಂದ ಶುರು ಮಾಡೋಣ" ಎಂದರು.

ನಿನ್ನೆ ಹೊಸ ಗೂಡುಗಳ ಪೆಟ್ಟಿಗೆ ಬಂತು. ಒಂದನೇ ತಲೆಮಾರು.

ಅಮ್ಮನಿಗೆ ಈ ಕಾಗದ ಓದಿ ಹೇಳಬೇಡ. ಚೆನ್ನಾಗಿದ್ದಾಳೆ ಎಂದಷ್ಟೇ ಹೇಳು, ಸಾಕು.

ನಿನ್ನ,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಗೂಡುಗಳ ತಾರೀಕು ಬರೆಯಲೆಂದು ಇವರ ಪುಸ್ತಕ ತೆರೆದೆ. ಹೋದ ವಾರದ ಹಾಳೆಯಲ್ಲಿ ಇವರ ದುಂಡು ಅಕ್ಷರದ ಒಂದು ಸಾಲು: "ಜಾಲರಿ ಕತ್ತರಿಯಿಂದ ಕತ್ತರಿಸಿದ್ದು. ತುಕ್ಕಿಲ್ಲ." ಅಕ್ಕ, ಇಷ್ಟು ದಿನವಾದರೂ ಒಂದು ಮಾತು ಕೇಳಿಲ್ಲ. ಈ ಬೆಳಿಗ್ಗೆಯೂ ಕಾಫಿ ಚೆನ್ನಾಗಿದೆ ಎಂದೇ ಹೊರಟರು.