ಬೊಳ್ಳಿಯ ಗಂಟಲಿಗೆ ಕೈ ಹಾಕಿದ ಮೇಲೆ

ಪುತ್ತೂರು,
ಸೋಮವಾರ, ೨೦ ಅಕ್ಟೋಬರ್ ೧೯೫೮

ಕರ್ತನಲ್ಲಿ ಪ್ರಿಯರಾದ ನಿಮಗೆ,

ಲೋಯಿಸಳ ವಂದನೆಗಳು. ಕೋಡಿಂಬಾಳ ಎಂದಿರಬೇಕಾದಲ್ಲಿ ಪುತ್ತೂರು ಎಂದು ಕಂಡು ಗಾಬರಿಯಾಗಬೇಡಿ. ನಾನು, ನಿಮ್ಮ ತಾಯಿ, ಮಗು ಪ್ರೇಮ ಮೂವರೂ ನಿನ್ನೆಯಿಂದ ವಾಸಂತಿ ಅಕ್ಕನ ಮನೆಯಲ್ಲಿದ್ದೇವೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ, ಬಾಯಾರಿದಾಗ ನೀರು ಕುಡಿಯುತ್ತೇವೆ. ನೀರು ಕುಡಿಯುವುದನ್ನೂ ಬರೆಯಬೇಕೇ ಎಂದು ನೀವು ನಗಬಹುದು. ಓದುತ್ತಾ ಹೋಗಿ, ತಿಳಿಯುತ್ತದೆ. ನಿಮ್ಮ ಆರೋಗ್ಯ ಹೇಗಿದೆ? ಹೋಟೆಲಿನ ಸಾರು ಹೊಟ್ಟೆಗೆ ಒಗ್ಗಿತೇ? ಎಲ್ಲಕ್ಕಿಂತ ಮೊದಲು, ಬಲಗೈ ಹೇಗಿದೆ? ಗಾಯ ಪೂರ್ತಿ ಒಣಗಿತು, ಆದರೆ ಆ ಜಾಗ ಸ್ವಲ್ಪ ತುರಿಸುತ್ತದೆ, ಹೊಸ ಚರ್ಮ ಬರುವಾಗ ಹಾಗೆಯೇ ಎಂದು ಹೋದ ಕಾಗದದಲ್ಲಿ ಬರೆದಿದ್ದಿರಿ. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆಂದು ದೇವರಿಗೇ ಗೊತ್ತು.

ಈಗ ಬರೆಯುವ ಕಥೆಯನ್ನು ನನಗೆ ಮೊದಲು ಹೇಳಿದವನು ನಮ್ಮ ಆಚೆಮನೆಯ ತ್ಯಾಂಪಣ್ಣ, ಮೊನ್ನೆ ಶನಿವಾರ ದೀಪ ಹಚ್ಚುವ ಹೊತ್ತಿಗೆ, ನಮ್ಮ ಜಗಲಿಯಲ್ಲಿ ಕೂತು. ಆದರೆ ಬೊಳ್ಳಿಯ ವಿಷಯ ಹೇಳದೆ ಅವನ ಕಥೆಗೆ ಹೋದರೆ ನಿಮಗೆ ತಲೆಬುಡ ತಿಳಿಯದು. ನೀವು ರಜೆ ಮುಗಿಸಿ ಹೊರಡುವ ಹಿಂದಿನ ದಿನ, ಆ ಭಾನುವಾರ ಸಂಜೆ, ಬೊಳ್ಳಿ ಹುಲ್ಲು ಮುಟ್ಟದೆ ಬಾಯಿಂದ ಲೋಳೆ ಸುರಿಸುತ್ತಾ ನಿಂತದ್ದು ನೆನಪಿದೆಯಲ್ಲ. ಮರಗೆಣಸಿನ ತುಂಡು ಗಂಟಲಲ್ಲಿ ಸಿಕ್ಕಿದೆ ಎಂದು ನಾವೆಲ್ಲರೂ ನಂಬಿದೆವು. ನಾನು ಅದರ ಕೊಂಬು ಹಿಡಿದೆ, ನಿಮ್ಮ ತಾಯಿ ಕತ್ತು ನೀವಿದರು, ನೀವು ಮೊಣಕೈವರೆಗೆ ಕೈ ಹಾಕಿ ಹುಡುಕಿದಿರಿ. ಏನೂ ಸಿಗಲಿಲ್ಲ. ಕೈ ಹೊರಗೆ ಬರುವಾಗ ಹೆಬ್ಬೆರಳಿನ ಬುಡ ಹಲ್ಲಿಗೆ ತಾಗಿ ಸೀಳಿತ್ತು. ಬಾವಿಕಟ್ಟೆಯಲ್ಲಿ ತೊಳೆದು, ಅರಿಶಿನ ಮೆತ್ತಿ, ಬಟ್ಟೆ ಕಟ್ಟಿಕೊಂಡು, ಅಕ್ಷರ ಜೋಡಿಸುವ ಕೈ ಉಳಿಯಿತು ದೇವರಿಗೆ ಸ್ತೋತ್ರ ಎಂದು ನಕ್ಕಿರಿ. ಮರುದಿನ ಹೊತ್ತೇರುವ ಮೊದಲು ಮಂಗಳೂರಿನ ಅಚ್ಚುಕೂಟಕ್ಕೆ ಹೊರಟುಹೋದಿರಿ.

ನೀವು ಹೋದ ಮೇಲೆ ಬೊಳ್ಳಿ ಕೂಗಲು ಸುರು ಮಾಡಿತು. ಅದು ದನದ ಕೂಗಲ್ಲ. ಒಡೆದ ಕಹಳೆ ಊದಿದ ಹಾಗೆ, ಒಂದೇ ಸಮನೆ, ಗಂಟಲು ಕಟ್ಟಿದ ಮೇಲೂ ಬಾಯಿ ಮಾತ್ರ ಆಡುತ್ತಿತ್ತು. ತನ್ನ ಕರುವನ್ನೇ ಹಾಯಲು ಹೋಯಿತು. ಕಲಗಚ್ಚಿನ ಬಾನಿಯ ಮುಂದೆ ನಿಂತು ನೀರನ್ನೇ ನೋಡುತ್ತಿತ್ತು, ಕುಡಿಯಲು ಆಗುತ್ತಿರಲಿಲ್ಲ. ನಾನು ಕೈಯಲ್ಲೇ ಗಂಜಿ ತಿನ್ನಿಸಲು ನೋಡಿದೆ. ನಿಮ್ಮ ತಾಯಿ ತಮ್ಮ ಸೆರಗಿನಿಂದ ಅದರ ಬಾಯಿ ಒರೆಸಿದರು. ಬುಧವಾರ ಬೆಳಿಗ್ಗೆ ಸತ್ತುಹೋಯಿತು. ತೋಟದ ತುದಿಯಲ್ಲಿ ಹೂತೆವು. ದನ ಹೋಯಿತು, ಕರು ಉಳಿಯಿತು, ಅದಕ್ಕಾದರೂ ಸ್ತೋತ್ರ ಮಾಡೋಣ ಎಂದು ನಿಮ್ಮ ತಾಯಿ ಆ ಸಂಜೆ ಪ್ರಾರ್ಥನೆ ಮಾಡಿದರು. ನಾನೂ ಆಮೆನ್ ಎಂದೆ. ಆಮೇಲೆ ನಿಮ್ಮ ಕಾಗದ ಬಂತು, ಅದರೊಳಗೆ ಬೆಳೆಹಬ್ಬದಲ್ಲಿ ಓದಿಸಲು ನೀವೇ ಬರೆದ ಚೀಟಿ: 'ಸಿಲಾಸನ ಕೈಗಾಯ ವಾಸಿಯಾದದ್ದಕ್ಕೆ ಸ್ತೋತ್ರ, ಒಂದು ಬಾಳೆಗೊನೆ.' ಚೀಟಿಯ ಜೊತೆಗೆ ನೀವು ಬರೆದ ಮಾತೂ ನನಗೆ ಬಾಯಿಪಾಠವಾಗಿದೆ. ಸಭೆಯ ಮುಂದೆ ಸ್ತೋತ್ರ ಸಲ್ಲಿಸಿದ ಮೇಲೆ ಆ ವಿಷಯ ಮುಗಿಯಿತು, ಮತ್ತೆ ಹಿಂತಿರುಗಿ ನೋಡುವುದು ದೇವರನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗೆ ಎಂದಿದ್ದಿರಿ.

ಬೆಳೆಹಬ್ಬದ ದಿನ ಬಾಳೆಗೊನೆ ತಲೆಯ ಮೇಲಿಟ್ಟು ಕಡಬಕ್ಕೆ ಹೊರಟಿದ್ದೆ. ದಾರಿಯಲ್ಲಿ ಬೀಫಾತುಮ್ಮ ಅಂಗಳ ಗುಡಿಸುತ್ತಿದ್ದರು. ದನ ಹೇಗುಂಟು ಎಂದು ಕೇಳಿದರು. ಸತ್ತಿತು ಎಂದೆ. ಅವರು ಪೊರಕೆ ನೆಲಕ್ಕೆ ಹಾಕಿ, "ಹಾಗಾದ್ರೆ ಆ ನಾಯಿದೇ ಅದು," ಎಂದರು. ಯಾವ ನಾಯಿ ಎಂದು ಕೇಳಿದೆ. "ಆಟಿ ತಿಂಗಳಲ್ಲಿ ಒಂದು ಕೆಂಪು ನಾಯಿ ಬಂದು ನಿಮ್ಮ ದನದ ಮೂತಿಗೆ ಹಾರಿದ್ದಲ್ವಾ? ನಾನೇ ಕೊಳ್ಳಿ ಬಿಸಾಡಿ ಓಡಿಸಿದ್ದು. ನಿಮ್ಮ ಅತ್ತೆಗೆ ಕೂಗಿ ಹೇಳಿದ್ದೇನಲ್ಲ. ಅವರು ತಲೆ ಆಡಿಸಿದರು." ನಿಮ್ಮ ತಾಯಿಯ ಕಿವಿಯ ವಿಷಯ ನಿಮಗೆ ಗೊತ್ತೇ ಇದೆ. ಯಾರು ಏನು ಹೇಳಿದರೂ ತಲೆ ಆಡಿಸುತ್ತಾರೆ, ಉಪದೇಶಿಗಳ ಪ್ರಸಂಗಕ್ಕೂ ಹಾಗೆಯೇ. ಹಬ್ಬದ ಸಂಗತಿಯನ್ನು ಕಾರ್ಡಿನಲ್ಲಿ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ. ಆ ವಾರವಿಡೀ ನಾನು ನೀರು ಸೇದುವಾಗಲೂ ಬೊಳ್ಳಿಯ ಬಾನಿಯೇ ಕಣ್ಣ ಮುಂದೆ ಬರುತ್ತಿತ್ತು. ಕೇಳೋಣವೆಂದರೆ ಹತ್ತಿರದಲ್ಲಿ ತಿಳಿದವರಿಲ್ಲ. ಕೊಯಿಲದ ದನದ ಫಾರ್ಮಿನಲ್ಲಿ ಕೆಲಸ ಮಾಡುವ ತ್ಯಾಂಪಣ್ಣ ಮನೆಗೆ ಬರುವುದು ಶನಿವಾರವೇ. ಅವನಿಗಾಗಿ ಕಾದೆ.

ಬಂದವನು ಎಂದಿನ ಹಾಗೆ ತಮಾಷೆ ಮಾಡುತ್ತಲೇ ಬಂದ. "ಎಂತ ಮರಿಯಕ್ಕ, ಇನ್ನೂ ಸ್ವರ್ಗದ ಟಿಕೇಟು ಸಿಗ್ಲಿಲ್ವಾ?" ಎಂದು ನಿಮ್ಮ ತಾಯಿಯ ಕಿವಿಯ ಹತ್ತಿರ ಕೂಗಿದ. "ನಿನಗೆ ಜಾಗ ಹಿಡಿದೇ ಹೋಗ್ತೇನೆ ಮಾರಾಯ, ಅವಸರ ಎಂತ," ಎಂದರು ಅವರು. ನಾನು ಬೊಳ್ಳಿಯ ಕೂಗು, ಲೋಳೆ, ನೀರು ಕುಡಿಯಲಾರದೆ ನಿಂತದ್ದು ಎಲ್ಲ ಹೇಳಿದೆ. ಅವನ ಬಾಯಿಯ ಎಲೆಯಡಿಕೆ ನಿಂತಿತು. ಎದ್ದು ಹೋಗಿ ಉಗುಳಿ ಬಂದು, "ಗಂಟಲಿಗೆ ಕೈ ಹಾಕಿದವರು ಯಾರು ಅಕ್ಕ?" ಎಂದು ಕೇಳಿದ. ಯಾರಾದರೂ ಕೈ ಹಾಕಿದರು ಎಂದು ನಾನು ಹೇಳಿಯೇ ಇರಲಿಲ್ಲ. ಅವನಿಗೆ ಹೇಗೆ ಗೊತ್ತಾಯಿತು ಎಂದೆ. "ಎಲ್ಲರೂ ಹಾಕ್ತಾರೆ. ನನ್ನ ಮಾವನೂ ಹಾಕಿದ್ದು," ಎಂದು ಕೂತ.

ಅವನ ತಾಯಿಯ ತಮ್ಮ ಬೋಜ ಎಂದು, ಹೊಳೆಯಾಚೆ ಗದ್ದೆ ಮಾಡಿಕೊಂಡಿದ್ದವರು. ಅವರ ಎಮ್ಮೆಗೂ ಹೀಗೆಯೇ ಗಂಟಲು ಕಟ್ಟಿತು. ಅಡಿಕೆ ಹಾಳೆಯ ತುಂಡು ಸಿಕ್ಕಿರಬೇಕೆಂದು ಕೈ ಹಾಕಿದರು, ಬೆರಳು ಸೀಳಿತು. ಎಮ್ಮೆ ಸತ್ತಿತು. ಬೆರಳು ಎಂಟೇ ದಿನದಲ್ಲಿ ಗುಣವಾಯಿತು. ಪುತ್ತೂರಿಗೆ ಹೋಗಿ ಸೂಜಿ ಹಾಕಿಸಿಕೋ ಎಂದು ಒಬ್ಬರು ಹೇಳಿದರಂತೆ. ಬೋಜರು ಅಷ್ಟರಲ್ಲಿ ಮನೆಯ ದೈವಕ್ಕೆ ಕೋಳಿ ಕೊಯ್ದು ಅಗೆಲಿನ ಎಡೆ ಬಡಿಸಿ, ನೆಂಟರನ್ನು ಕರೆದು ಊಟ ಹಾಕಿ ಆಗಿತ್ತು. "ಗುಣ ಮಾಡಿದ್ದಕ್ಕೆ ಬಡಿಸಿ ಆಯ್ತು. ಇನ್ನು ಸೂಜಿಗೆ ಹೋದ್ರೆ ದೈವ ಎಂತ ಹೇಳೀತು?" ಎಂದರಂತೆ. ನಲವತ್ತನೆಯ ದಿನ ವಾಸಿಯಾದ ಬೆರಳಿನಲ್ಲಿ ಇರುವೆ ಹರಿದ ಹಾಗೆ ತುರಿಕೆ. ಮರುದಿನ ಗಂಜಿಯ ಬಟ್ಟಲು ಎತ್ತಿದವರು ಕೆಳಗಿಟ್ಟರು. ನೀರಿನ ಚೆಂಬು ತಂದರೆ ಕುತ್ತಿಗೆ ಎಳೆದುಕೊಂಡು ನಡುಗಿದರು. ಹೆಂಡತಿ ಅಕ್ಕಿ ಕೇರುವ ಗೆರಸೆಯ ಗಾಳಿ ತಾಗಿದರೂ ಕೂಗಿದರು. ಆದರೆ ಬುದ್ಧಿ ಪೂರ್ತಿ ಇತ್ತಂತೆ. ತಾವೇ ಹಗ್ಗ ತರಿಸಿ, "ನನ್ನನ್ನು ಕಂಬಕ್ಕೆ ಕಟ್ಟಿ, ಮಕ್ಕಳನ್ನು ಆಚೆ ಕಳಿಸಿ," ಎಂದರಂತೆ. ಕಟ್ಟಿದವನು ತ್ಯಾಂಪಣ್ಣನೇ. ಎರಡು ದಿನದಲ್ಲಿ ಮುಗಿಯಿತು.

ದೈವ ಕೈಬಿಟ್ಟಿತೇ ಎಂದು ನಾನು ಕೇಳಿದೆ, ಯಾಕೆ ಕೇಳಿದೆನೋ. "ಇಲ್ಲ ಅಕ್ಕ. ದೈವ ಪುತ್ತೂರಲ್ಲಿ ಸೂಜಿ ಹಿಡಿದು ಕಾಯ್ತಾ ಇತ್ತು. ನಮ್ಮ ಮಾವ ಮನೆಯಲ್ಲಿ ಕೋಳಿ ಬಡಿಸ್ತಾ ಇದ್ದರು," ಎಂದ. ಆಮೇಲೆ ನಿಮ್ಮ ಹೆಸರು ಎತ್ತದೆ, "ಅವರು ಹಟದವರು, ಗೊತ್ತುಂಟು," ಎಂದಷ್ಟೇ ಹೇಳಿ ಎದ್ದುಹೋದ.

ನೀವು ಹಟದವರು ಎಂದು ನಾನು ಹೇಳುವುದಿಲ್ಲ. ನಿಮ್ಮ ವಿಶ್ವಾಸ ಎಲ್ಲಿಂದ ಬಂತೆಂದು ನನಗೆ ಗೊತ್ತು. ಮಾವನವರು ಮಲೆಜ್ವರದಲ್ಲಿ ಇಪ್ಪತ್ತು ದಿನ ಮಲಗಿ, ಒಂದು ಚಮಚ ಮದ್ದು ಮುಟ್ಟದೆ, ಬರೀ ಪ್ರಾರ್ಥನೆಯಿಂದ ಎದ್ದುಬಂದ ಸಾಕ್ಷಿಯನ್ನು ನೀವು ಪ್ರತಿ ವರ್ಷ ಸಭೆಯಲ್ಲಿ ಹೇಳುತ್ತೀರಿ. ನಾನು ಕೇಳಿ ಕಣ್ಣೀರು ಹಾಕಿದವಳೇ. ತ್ಯಾಂಪಣ್ಣ ಹೋದ ಮೇಲೆ ನಿಮ್ಮ ತಾಯಿ ಎಷ್ಟೋ ಹೊತ್ತು ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಕಥೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅವನು ಅವರ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಹೇಳಿದ್ದನಲ್ಲ, ಪ್ರತಿ ಅಕ್ಷರ ಕೇಳಿಸಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ನಿನ್ನ ಮಾವ ಗುಣ ಆದದ್ದು ಪ್ರಾರ್ಥನೆಯಿಂದ, ಅದು ಸುಳ್ಳಲ್ಲ. ಆದರೆ ದಿನಾ ಕಾಫಿಗೆ ಕ್ವಿನೈನ್ ಹಾಕಿದ್ದು ನಾನು. ಪ್ರಾರ್ಥನೆ ಮಾಡಿಯೇ ಹಾಕಿದ್ದು. ಕಾಫಿ ಕಹಿ ಅಂತ ನನಗೆ ಬೈದುಕೊಂಡೇ ಕುಡಿದರು. ಸಾಯುವವರೆಗೆ ಅವರಿಗೆ ಹೇಳಲಿಲ್ಲ. ಸಿಲಾಸನಿಗೂ ಹೇಳಲಿಲ್ಲ, ಅವನು ಅದನ್ನು ಅಷ್ಟು ಚಂದ ಮಾಡಿ ಹೇಳ್ತಾನೆ." ಈಗ ನಿಮಗೆ ಬರೆ ಎಂದವರೂ ಅವರೇ. ಅವರ ಮೇಲೆ ಸಿಟ್ಟು ಮಾಡಬೇಡಿ. ಮಾಡುವುದಾದರೆ ಹದಿನಾಲ್ಕು ಸೂಜಿ ಮುಗಿಸಿ ಬಂದು ಎದುರಿಗೆ ಮಾಡಿ, ನಾನು ನಡುವೆ ಬರುವುದಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಗಂಜಿ ಕುಡಿದು, ಕರುವನ್ನು ದೂರದಿಂದಲೇ ನೋಡಿಕೊಳ್ಳಿ ಎಂದು ಬೀಫಾತುಮ್ಮನಿಗೆ ಒಪ್ಪಿಸಿ, ಮನೆಗೆ ಬೀಗ ಹಾಕಿದೆವು. ಕಡಬದಲ್ಲಿ ಆರಾಧನೆಯ ಗಂಟೆ ಹೊಡೆಯುತ್ತಿತ್ತು. ನಿಮ್ಮ ತಾಯಿ ಅರವತ್ತೆಂಟು ವರ್ಷದಲ್ಲಿ ಮೊದಲ ಸಲ ಆ ದೇವಾಲಯದ ಬಾಗಿಲು ಹೊಗದೆ ಮುಂದೆ ನಡೆದರು. ತಲೆ ತಗ್ಗಿಸಲಿಲ್ಲ. ಒಳಗಿನಿಂದ ಹಾಡು ಕೇಳುತ್ತಿತ್ತು, ಅವರಿಗೆ ಕೇಳಿಸಿತೋ ಇಲ್ಲವೋ, ತಮ್ಮದೇ ರಾಗದಲ್ಲಿ ಬೇರೆ ಯಾವುದೋ ಹಾಡು ಗುನುಗುತ್ತಾ ಬಸ್ಸಿನವರೆಗೆ ಬಂದರು. ಪುತ್ತೂರಿನಲ್ಲಿ ಡಾಕ್ಟರು ಎಲ್ಲ ಕೇಳಿದರು. ಕಾಯಿಸಿದ ಹಾಲು ಮಾತ್ರ ಕುಡಿದ ಪ್ರೇಮಳಿಗೆ ಬೇಡ, ನಮ್ಮಿಬ್ಬರಿಗೂ ಬೇಕು ಎಂದರು. ಹುಚ್ಚುನಾಯಿ ವಿಷದ ಸೂಜಿ, ಹೊಕ್ಕುಳ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು. ಹಲ್ಲು ತಾಗಿದ್ದು ಯಾರಿಗೆ ಎಂದು ಕೇಳಿದರು. ಮಂಗಳೂರಿನಲ್ಲಿದ್ದಾರೆ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ, "ಅಮ್ಮಾ, ನೀವಿಬ್ಬರೂ ಇಲ್ಲಿ ಬಂದದ್ದು ಒಳ್ಳೆಯದು. ಆದರೆ ಬರಬೇಕಾದವರು ಅವರು. ಎಷ್ಟು ದಿನ ಆಯ್ತು?" ಎಂದರು. ಇವತ್ತಿಗೆ ಇಪ್ಪತ್ತೆರಡು ದಿನ. ತುರಿಕೆಯ ಮಾತನ್ನೂ ಹೇಳಿದೆ. ಅವರು ಮಂಗಳೂರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ತಂತಿ ಕೊಡೋಣ ಎಂದಳು ವಾಸಂತಿ ಅಕ್ಕ. ತಂತಿ ಕಂಡರೆ ತಾಯಿ ಹೋದರೆಂದು ತಿಳಿದು ನೀವು ಆಸ್ಪತ್ರೆ ಬಿಟ್ಟು ಕೋಡಿಂಬಾಳಕ್ಕೆ ಓಡುತ್ತೀರಿ, ಅಲ್ಲಿ ಬೀಗ ನೋಡುತ್ತೀರಿ. ಅದಕ್ಕೇ ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಬೆಳ್ಯಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ. ಅಚ್ಚುಕೂಟಕ್ಕೇ ಬಂದು ನಿಮ್ಮ ಕೈಗೆ ಕೊಡುತ್ತಾನೆ. ಓದಿದ ಕೂಡಲೇ ಏಪ್ರನ್ ಬಿಚ್ಚಿ, ಇವತ್ತೇ ಅಲ್ಲಿನ ದೊಡ್ಡ ಆಸ್ಪತ್ರೆಗೆ ಹೋಗಿ. ನಿಮ್ಮನ್ನು ಕಾಯುವವನು ತೂಕಡಿಸುವುದಿಲ್ಲ ಎಂದು ನಾನು ನಂಬಿದ್ದೇನೆ. ನೀವೂ ಎದ್ದು ನಡೆಯಬೇಕು.

ನಿಮ್ಮ ತಾಯಿಯ ಆಶೀರ್ವಾದ. ಹೊಟ್ಟೆ ಊದಿದ್ದರೂ, ಎರಡನೆಯ ಸೂಜಿಗೆ ಸಾಲಿನಲ್ಲಿ ಮೊದಲು ನಿಲ್ಲುತ್ತೇನೆ ಎಂದು ಹಟ ಮಾಡುತ್ತಿದ್ದಾರೆ. ಪ್ರೇಮಳ ಮುತ್ತುಗಳು. ಕರ್ತನು ನಿಮ್ಮ ಕೈಯನ್ನೂ ಪ್ರಾಣವನ್ನೂ ಕಾಯಲಿ.

ನಿಮ್ಮ,
ಲೋಯಿಸ

ತಾ.ಕ.: ಬೆಳ್ಯಪ್ಪ ಸೀಟಿ ಊದುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹಬ್ಬದಲ್ಲಿ ನೀವು ಹೇಳಿದ ಹಾಗೆಯೇ ಆಯಿತು ಎಂದು ನಾನು ಕಾರ್ಡಿನಲ್ಲಿ ಬರೆದದ್ದು ಸುಳ್ಳು. ಬೀಫಾತುಮ್ಮನ ಮಾತು ಕೇಳಿದ ಮೇಲೆ ಚೀಟಿ ಕೊಡಲು ನನ್ನ ಕೈ ಬರಲಿಲ್ಲ. ಬಾಳೆಗೊನೆಯನ್ನು ತೋಟದ ಬೆಳೆಯೆಂದು ಮಾತ್ರ ಒಪ್ಪಿಸಿ ಬಂದೆ. ನಿಮ್ಮ ಸ್ತೋತ್ರವನ್ನು ಸಭೆಯಲ್ಲಿ ಯಾರೂ ಓದಿಲ್ಲ, ಯಾರೂ ಆಮೆನ್ ಎಂದಿಲ್ಲ. ಹಾಗಾಗಿ ನೀವು ಆಸ್ಪತ್ರೆಗೆ ಹೋದರೆ ದೇವರು ಸುಳ್ಳುಗಾರನಾಗುವುದಿಲ್ಲ, ಸುಳ್ಳುಗಾರ್ತಿ ನಾನೊಬ್ಬಳೇ. ನಿಮ್ಮ ಚೀಟಿ ಇದರೊಳಗೇ ಇದೆ. ಹದಿನಾಲ್ಕು ಮುಗಿದ ಮೇಲೆ ಅದಕ್ಕೆ ತಾರೀಕು ಹಾಕಿ ನೀವೇ ತನ್ನಿ. ಎರಡನೆಯ ಗೊನೆ ಬಲಿಯುತ್ತಾ ಇದೆ, ನೀವು ಬರುವವರೆಗೆ ಕಡಿಯಲು ಬಿಡುವುದಿಲ್ಲ.