ಗುಬ್ಬಿ ಎದೆಗೊರಗಿದ್ದು

ಮಾರ್ಚ್ ೧೧, ಬುಧವಾರ

ನಾನೆಂಥ ದಡ್ಡ!

ಸೆರೆಬ್ರಲ್ ಪಾಲ್ಸಿಯ ನನ್ನ ಮಗಳು ಗುಬ್ಬಿ ಎತ್ತಿಕೊಂಡರೆ ಸಾಕು, ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತಾಳೆ. ಹುಟ್ಟಿ ಆರು ವರ್ಷವಾದರೂ ಅಪ್ಪನ ಎದೆಗೆ ಒರಗಿದವಳಲ್ಲ. ಅಂಥವಳು, ಚಿಕಿತ್ಸೆಗೆಂದು ದಿನಾ ನಾವಿಬ್ಬರೂ ಕೂರುವ ಒತ್ತಡದ ಆಕ್ಸಿಜನ್ ಕೋಣೆಯಲ್ಲಿ, ಒಂಬತ್ತನೆಯ ದಿನ, ಬಾಗಿಲು ಮುಚ್ಚಿ ಒತ್ತಡ ಏರುವಾಗ ಎಡಗೆನ್ನೆಯನ್ನು ನನ್ನ ಎದೆಗೆ ಒತ್ತಿಬಿಟ್ಟಳು. ಆಮೇಲೆ ದಿನಾ ಒತ್ತಿದಳು. ಚಿಕಿತ್ಸೆ ಹಿಡಿಯಿತೆಂದು ಕಂಡಕಂಡವರಿಗೆಲ್ಲ ಫೋನ್ ಮಾಡಿದೆ.

"ಎಂಜಲು ನುಂಗ್ತಾ ಇರಿ, ಇಲ್ಲಾಂದ್ರೆ ಕಿವಿ ನೋಯುತ್ತೆ" ಎಂದು ನರ್ಸಮ್ಮ ಮೊದಲ ದಿನವೇ ಹೇಳಿದ್ದರು. ನಾನು ನುಂಗುತ್ತಲೇ ಇದ್ದೆ. ಗುಬ್ಬಿಗೆ ನೀರು ನುಂಗುವುದೇ ಕಷ್ಟ ಎಂಬುದು ನನಗೆ ಗೊತ್ತಿರಲಿಲ್ಲವೇ?

ಇವತ್ತು ಎಡಗಿವಿ ಸೋರಿತು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಕಿವಿ ತಮಟೆ ಹರಿದಿದೆ. ಪಾಪ, ಎಷ್ಟು ದಿನದಿಂದ ನೋವು ತಡ್ಕೊಂಡಿತ್ತೋ ಮಗು" ಎಂದರು.

ಹೆಂಡತಿ ಬೈಯಲೂ ಇಲ್ಲ. "ಅವಳು ಕೆನ್ನೆ ಒತ್ತಿ ಒತ್ತಿ ನಿಮಗೆ ಹೇಳ್ತಾನೇ ಇದ್ಲು ಕಣ್ರೀ" ಎಂದಳು, ಅಷ್ಟೇ.

ಸಂಜೆಯ ಹೊತ್ತಿಗೆ ನೋವು ಇಳಿದಿತ್ತು. ಮಲಗಿಸುವ ಮುಂಚೆ ತೊಡೆಯ ಮೇಲೆ ಕೂರಿಸಿಕೊಂಡೆ. ಮೊದಲಿನಂತೆಯೇ ಸೆಟೆದುಕೊಂಡಳು. ನೋವಿಲ್ಲವಲ್ಲ, ಸದ್ಯ, ಎಂದು ಸಂತೋಷಪಡಬೇಕಿತ್ತು. ನಾನೋ, ಒಮ್ಮೆಯಾದರೂ ಒರಗುತ್ತಾಳೇನೋ ಎಂದು ಕಾಯುತ್ತ ಕೂತಿದ್ದೆ.